ಹೆಲಿಕಾಪ್ಟರ್ ಏರಿ ಕೆಲಸಕ್ಕೆ ಹೋಗುವವರ ಪ್ರಶ್ನೆಗಳು

ರಸ್ತೆಯೇ ಇಲ್ಲದ ಕಡೆ ದುಡಿಯುವ ಖನಿಜ ಶೋಧಕರಿಗೆ, ಸಮುದ್ರದ ನಡುವಿನ ತೈಲವೇದಿಕೆಗಳ ನೌಕರರಿಗೆ, ಬೆಟ್ಟದ ಮೇಲಿನ ಗೋಪುರಗಳನ್ನು ದುರಸ್ತಿ ಮಾಡುವವರಿಗೆ, ಕಾಡ್ಗಿಚ್ಚು ಆರಿಸುವ ತಂಡಗಳಿಗೆ ಹೆಲಿಕಾಪ್ಟರ್ ಎಂದರೆ ದಿನದ ಬಸ್ಸಿದ್ದಂತೆ. ಬಸ್ಸಿನ ಮೇಲಿರುವ ಸಲಿಗೆಯೇ ಅದರ ಮೇಲೂ ಬೆಳೆದುಬಿಡುತ್ತದೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಆ ಸಲಿಗೆಯಿಂದ ಹುಟ್ಟಿದ ಅನುಮಾನಗಳೇ ಆಗಿವೆ. ಯಂತ್ರ ಆಕಾಶದಲ್ಲಿರುವಾಗ ಪ್ರಯಾಣಿಕರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಆದರೆ ಹತ್ತುವ ಮುಂಚಿನ ಕೆಲವು ನಿಮಿಷ, ಇಳಿದ ಮೇಲಿನ ಕೆಲವು ಹೆಜ್ಜೆ, ಮತ್ತು ಅವಘಡವಾದರೆ ಅದರ ಮೊದಲ ಅರ್ಧ ನಿಮಿಷ ಬಹುಮಟ್ಟಿಗೆ ಅವರ ಕೈಯಲ್ಲೇ ಇರುತ್ತದೆ. ಹಾಗಾಗಿ ನನ್ನ ಉತ್ತರಗಳೂ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತವೆ.

ಪ್ರಶ್ನೆ: ನಾನು ಭೂಗರ್ಭ ಸಮೀಕ್ಷೆಯ ತಂಡದಲ್ಲಿದ್ದೇನೆ. ವಾರಕ್ಕೆ ಎರಡು ಸಲವಾದರೂ ಗುಡ್ಡದ ಇಳಿಜಾರಿನಲ್ಲಿ ನಮ್ಮನ್ನು ಇಳಿಸುತ್ತಾರೆ. ರೆಕ್ಕೆ ತಿರುಗುತ್ತಿರುವಾಗಲೇ ಎಲ್ಲರೂ ತಲೆ ಬಗ್ಗಿಸಿ ಓಡುತ್ತಾರೆ. ತಲೆ ಬಗ್ಗಿಸಿದರೆ ಸಾಕೇ? ಯಾವ ಕಡೆಯಿಂದ ಹತ್ತಿರ ಹೋಗಬೇಕು?

ಉತ್ತರ: ಸಾಲದು. ಬಗ್ಗುವುದು ಒಳ್ಳೆಯದೇ, ಆದರೆ ಓಡುವುದು ಅದರ ಲಾಭವನ್ನೆಲ್ಲ ಕಳೆದುಬಿಡುತ್ತದೆ. ಓಡುವವರ ಕಣ್ಣು ನೆಲದ ಮೇಲಿರುತ್ತದೆ, ಎಡವಿದರೆ ಕೈ ಮೇಲೇಳುತ್ತದೆ, ಎಷ್ಟು ದೂರ ಬಂದೆವೆಂಬ ಅಂದಾಜೂ ತಪ್ಪುತ್ತದೆ. ನಡೆಯಿರಿ.

ಅಪಾಯ ಎಲ್ಲಿದೆ ಎಂಬುದನ್ನು ಕೊಂಚ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿಯದ ನಿಯಮವನ್ನು ಜನ ಮೂರನೆಯ ವಾರಕ್ಕೆ ಮರೆಯುತ್ತಾರೆ. ಐದಾರು ಜನ ಕೂರುವ ಚಿಕ್ಕ ಹೆಲಿಕಾಪ್ಟರಿನ ಮುಖ್ಯ ರೋಟರ್, ಅಂದರೆ ನೆತ್ತಿಯ ಮೇಲೆ ತಿರುಗುವ ರೆಕ್ಕೆಗಳ ಚಕ್ರ, ನಿಮಿಷಕ್ಕೆ ಸುಮಾರು 400 ಸುತ್ತು ತಿರುಗುತ್ತದೆ. ರೆಕ್ಕೆಯ ಉದ್ದ 5 ಮೀಟರ್ ಎಂದುಕೊಂಡರೆ ಅದರ ತುದಿಯ ವೇಗ ಗಂಟೆಗೆ ಸುಮಾರು 750 ಕಿ.ಮೀ. ಆಗುತ್ತದೆ. ಈ ಪೂರ್ಣ ವೇಗದಲ್ಲಿ ರೆಕ್ಕೆಗಳು ಹೊರಕ್ಕೆ ಎಳೆಯಲ್ಪಟ್ಟು ಬಿಗಿಯಾಗಿ ನಿಂತಿರುತ್ತವೆ. ಎಂಜಿನ್ ನಿಲ್ಲಿಸಲು ಹೊರಟು ವೇಗ ಇಳಿದಾಗ ಆ ಬಿಗಿ ಸಡಿಲವಾಗಿ ರೆಕ್ಕೆಗಳು ಜೋಲುತ್ತವೆ. ಆಗ ಒಂದು ಗಾಳಿಯ ಹೊಡೆತ ಬಂದರೆ ತುದಿಯು ಆಳೆತ್ತರಕ್ಕಿಂತ ಕೆಳಗೆ ಬಾಗಬಲ್ಲದು. ಸದ್ದು ಕಡಿಮೆಯಾಗುತ್ತಿರುವ ಹೊತ್ತೇ ಹೆಚ್ಚು ಅಪಾಯದ್ದು, ಆದರೆ ನಮ್ಮ ಕಿವಿ ಅದಕ್ಕೆ ತದ್ವಿರುದ್ಧವಾದ ಸುದ್ದಿಯನ್ನು ಕೊಡುತ್ತದೆ. ಟರ್ಬೈನ್ ಎಂಜಿನ್‌ಗಳನ್ನು ನೆಲ ಮುಟ್ಟಿದ ಕೂಡಲೇ ನಿಲ್ಲಿಸುವಂತಿಲ್ಲ, ತಣಿಯಲೆಂದು ಒಂದೆರಡು ನಿಮಿಷ ಮಂದಗತಿಯಲ್ಲಿ ಓಡಿಸುತ್ತಾರೆ. ಆ ಎರಡು ನಿಮಿಷ ಸುಮ್ಮನೆ ಬೆಲ್ಟ್ ಕಟ್ಟಿಕೊಂಡು ಕೂತಿರಲು ಆಗದವರೇ ಬಾಗಿಲು ತೆರೆದು ಹೊರಗೆ ಕಾಲಿಡುತ್ತಾರೆ.

ಬಾಲದ ರೋಟರ್ ಇನ್ನೊಂದು ಬಗೆಯದು. ಚಿಕ್ಕ ಯಂತ್ರಗಳಲ್ಲಿ ಅದು ನಿಮಿಷಕ್ಕೆ 2000ಕ್ಕೂ ಹೆಚ್ಚು ಸುತ್ತು ತಿರುಗುವುದರಿಂದ ಕಣ್ಣಿಗೆ ಕಾಣುವುದೇ ಇಲ್ಲ. ಅಲ್ಲಿ ಗಾಳಿ ಕೊಂಚ ಮಸುಕಾದಂತೆ ತೋರುತ್ತದೆ, ಅಷ್ಟೆ. ಅದು ನಿಮ್ಮ ಎದೆಯ ಅಥವಾ ತಲೆಯ ಮಟ್ಟದಲ್ಲಿರುತ್ತದೆ, ಪೈಲಟ್‌ಗೆ ಆ ಜಾಗ ಕಾಣುವುದೂ ಇಲ್ಲ. ಆದ್ದರಿಂದ ಹಿಂದಿನಿಂದ ಹೋಗಬಾರದು ಎಂಬ ನಿಯಮವನ್ನು ಪ್ರಯಾಣಿಕರು ತಾವಾಗಿ ಮೀರುವಂತಿಲ್ಲ. ಹಿಂಬದಿಯಲ್ಲಿ ಬಾಗಿಲಿರುವ ಕೆಲವು ಮಾದರಿಗಳಲ್ಲಿ ಸಿಬ್ಬಂದಿ ತಾವೇ ನಿಂತು ಕರೆದೊಯ್ದರೆ ಮಾತ್ರ ಅವರ ಜೊತೆ ಹೋಗಿ.

ಇನ್ನು ನಿಮ್ಮ ಇಳಿಜಾರು. ಸಮತಟ್ಟಾದ ನೆಲದಲ್ಲಿ ರೋಟರ್ 3 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. 15 ಡಿಗ್ರಿ ಓರೆಯಿರುವ ಗುಡ್ಡಕ್ಕೆ ಒಂದು ಸ್ಕಿಡ್ (ಯಂತ್ರದ ಅಡಿಯಲ್ಲಿ ಚಕ್ರದ ಬದಲಿರುವ ಉದ್ದನೆಯ ಕಾಲುಪಟ್ಟಿ) ತಾಗಿಸಿ, ರೋಟರನ್ನು ಮಟ್ಟಸವಾಗಿ ಹಿಡಿದು ಪೈಲಟ್ ನಿಂತಾಗ, ಮೇಲಿನ ಬದಿಯಲ್ಲಿ 5 ಮೀಟರ್ ಆಚೆಗೆ ನೆಲವೇ ಸುಮಾರು 1.3 ಮೀಟರ್ ಏರಿರುತ್ತದೆ. ಅಂದರೆ ರೆಕ್ಕೆಯ ತುದಿಗೂ ನೆಲಕ್ಕೂ ಉಳಿಯುವ ಅಂತರ 1.7 ಮೀಟರ್‌ಗಿಂತ ಕಡಿಮೆ, ಸಾಧಾರಣ ಎತ್ತರದ ಮನುಷ್ಯನ ಹುಬ್ಬಿನ ಮಟ್ಟ. ಆದ್ದರಿಂದ ಯಾವಾಗಲೂ ಇಳಿಜಾರಿನ ಕೆಳಬದಿಯಿಂದ ಬನ್ನಿ, ಕೆಳಬದಿಗೇ ಹೋಗಿ. ಮಾಡಬೇಕಾದ ಕೆಲಸ ಗುಡ್ಡದ ಮೇಲ್ಗಡೆ ಇದ್ದರೂ ಯಂತ್ರ ಹಾರಿಹೋದ ಮೇಲೆ ಹತ್ತಿದರೆ ನಷ್ಟವಾಗುವುದು ಐದು ನಿಮಿಷ.

ಸಾಮಾನ್ಯವಾಗಿ ಮುಂಭಾಗದ ಓರೆಯಿಂದ, ಪೈಲಟ್‌ನ ಕಣ್ಣಿಗೆ ಬೀಳುವಂತೆ ಹೋಗಬೇಕು. ಮುಂದಕ್ಕೆ ರೋಟರ್ ತಗ್ಗಾಗಿ ಬಾಗುವ ಮಾದರಿಗಳೂ ಇರುವುದರಿಂದ ಅಂಥವಕ್ಕೆ ನೇರ ಪಕ್ಕದಿಂದಲೇ ಹೋಗಬೇಕಾಗುತ್ತದೆ. ಯಾವ ಮಾದರಿಗೆ ಯಾವ ದಾರಿ ಎಂಬುದನ್ನು ಪ್ರತಿ ಹೊಸ ಯಂತ್ರಕ್ಕೂ ಹೊಸದಾಗಿ ಕೇಳಿ ತಿಳಿದುಕೊಳ್ಳಿ. ಪೈಲಟ್ ನಿಮ್ಮನ್ನು ನೋಡಿ ಕೈಸನ್ನೆ ಮಾಡುವವರೆಗೆ ರೋಟರಿನ ಸುತ್ತಳತೆಯ ಒಳಗೆ ಕಾಲಿಡಬೇಡಿ. ಕಾಯುವಾಗ ತಂಡದವರೆಲ್ಲ ಒಂದೇ ಕಡೆ ಗುಂಪಾಗಿ ಮೊಣಕಾಲೂರಿ, ಸಾಮಾನುಗಳನ್ನು ಅದುಮಿ ಹಿಡಿದು ಕೂತಿರುವುದು ಒಳ್ಳೆಯದು, ಪೈಲಟ್‌ಗೆ ತಲೆ ಎಣಿಸಲು ಸುಲಭವಾಗುತ್ತದೆ. ಧೂಳೆದ್ದು ಕಣ್ಣು ಕಾಣದಂತಾದರೆ ತಡಕಾಡಿಕೊಂಡು ನಡೆಯಬೇಡಿ. ಇದ್ದಲ್ಲೇ ಕುಳಿತುಬಿಡಿ, ಯಾರಾದರೂ ಬಂದು ಕರೆದೊಯ್ಯುತ್ತಾರೆ.

ಸಮೀಕ್ಷೆಯವರ ಕೈಯಲ್ಲಿ ಅಳತೆಕೋಲು, ಮುಕ್ಕಾಲಿ ಇದ್ದೇ ಇರುತ್ತವೆ. ಅವನ್ನು ಹೆಗಲ ಮೇಲೆ ಹೊತ್ತು ನಡೆಯುವ ಅಭ್ಯಾಸ ಎಷ್ಟು ಆಳವಾದದ್ದೆಂದರೆ, ತರಬೇತಿಯಲ್ಲಿ ಹತ್ತು ಸಲ ಹೇಳಿಸಿಕೊಂಡವರೂ ಯಂತ್ರದ ಸದ್ದು ಕೇಳಿದೊಡನೆ ಕೋಲನ್ನೆತ್ತಿ ಹೆಗಲಿಗಿಡುವುದನ್ನು ಕಂಡಿದ್ದೇನೆ. ಉದ್ದದ ಸಾಮಾನನ್ನು ಸೊಂಟದ ಕೆಳಗೆ, ನೆಲಕ್ಕೆ ಸಮನಾಗಿ ಹಿಡಿದೊಯ್ಯಬೇಕು, ಎರಡು ತುದಿಗೆ ಇಬ್ಬರಿದ್ದರೆ ಇನ್ನೂ ಒಳ್ಳೆಯದು. ಟೋಪಿಗೆ ಗಲ್ಲದ ಪಟ್ಟಿಯಿಲ್ಲದಿದ್ದರೆ ಅದು ಚೀಲದೊಳಗಿರಲಿ. ಹಾರಿಹೋದರೆ ಹೋಗಲಿ, ಬೆನ್ನಟ್ಟಬೇಡಿ.

ಪ್ರಶ್ನೆ: ನಾನು ಕ್ಯಾಂಪಿನ ಉಸ್ತುವಾರಿ ನೋಡಿಕೊಳ್ಳುವವನು. ಕಳೆದ ತಿಂಗಳು ಪೈಲಟ್ ಎಲ್ಲರನ್ನೂ ಚೀಲದ ಸಮೇತ ತೂಗಿ, ಎರಡು ಪೆಟ್ಟಿಗೆಗಳನ್ನು ಬಿಟ್ಟುಹೋದರು. ಹಿಂದಿನ ವಾರ ಅಷ್ಟೇ ಭಾರವನ್ನು ಅದೇ ಹೆಲಿಕಾಪ್ಟರ್ ಹೊತ್ತಿತ್ತು. ಇದು ಅತಿಯಾಯಿತಲ್ಲವೇ?

ಉತ್ತರ: ಹೆಲಿಕಾಪ್ಟರ್ ಅದೇ ಇರಬಹುದು, ಗಾಳಿ ಅದೇ ಇರಲಿಲ್ಲ. ರೋಟರ್ ಹೊರುವುದು ಗಾಳಿಯನ್ನು ಕೆಳಗೆ ತಳ್ಳಿ. ಗಾಳಿ ತೆಳುವಾದಷ್ಟೂ ಹೊರುವ ಶಕ್ತಿ ತಗ್ಗುತ್ತದೆ. 3000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಕಾಲುಭಾಗ ಕಡಿಮೆ. ಅದರ ಮೇಲೆ ಬಿಸಿಲು ಸೇರಿ ಉಷ್ಣತೆ 15 ಡಿಗ್ರಿಯಿಂದ 35 ಡಿಗ್ರಿಗೆ ಏರಿದರೆ ಇನ್ನೂ ಶೇಕಡಾ ಆರರಷ್ಟು ಇಳಿಯುತ್ತದೆ. ಬೆಳಿಗ್ಗೆ ಏಳಕ್ಕೆ ಸಲೀಸಾಗಿ ಎತ್ತಿದ ಭಾರವನ್ನು ಮಧ್ಯಾಹ್ನ ಎರಡಕ್ಕೆ ಎತ್ತಲಾಗದಿರುವುದು ಈ ಕಾರಣಕ್ಕೆ. ಜೊತೆಗೆ, ನೆಲಕ್ಕೆ ಹತ್ತಿರ ತೇಲುತ್ತಿರುವಾಗ ನೆಲವೇ ಒಂದಿಷ್ಟು ಆಸರೆ ಕೊಡುತ್ತದೆ, ಬೆಟ್ಟದ ಏಣಿನ ಮೇಲೆ ಇಳಿಯಬೇಕಾದಾಗ ಆ ಆಸರೆ ಸಿಗುವುದಿಲ್ಲ. ಪೈಲಟ್ ಲೆಕ್ಕ ಹಾಕುವುದು ನೀವು ಹತ್ತುವ ಜಾಗಕ್ಕಿಂತ ಹೆಚ್ಚಾಗಿ ನೀವು ಇಳಿಯುವ ಜಾಗಕ್ಕೆ.

ಈ ವಿಚಾರದಲ್ಲಿ ಪ್ರಯಾಣಿಕರು ಮಾಡುವ ದೊಡ್ಡ ತಪ್ಪೆಂದರೆ ಸಂಕೋಚದ ಸುಳ್ಳು. ಮೈತೂಕವನ್ನು ಐದು ಕಿಲೋ ಇಳಿಸಿ ಹೇಳುವುದು, ಬೂಟು, ಜಾಕೆಟ್ಟು, ಜೇಬಿನಲ್ಲಿ ತುಂಬಿದ ಕಲ್ಲಿನ ಮಾದರಿಗಳನ್ನು ಲೆಕ್ಕಕ್ಕೇ ಹಿಡಿಯದಿರುವುದು. ಐದು ಮಂದಿ ತಲಾ ಎಂಟು ಕಿಲೋ ಮುಚ್ಚಿಟ್ಟರೆ ನಲವತ್ತು ಕಿಲೋ. ಇಂಧನದ ಲೆಕ್ಕದಲ್ಲಿ ಅದು ಸುಮಾರು 50 ಲೀಟರಿಗೆ ಸಮ. ನಿಮ್ಮನ್ನು ಬಟ್ಟೆಬರೆ, ಚೀಲಗಳೊಂದಿಗೆ ತೂಗಿದ ಪೈಲಟ್ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ.

ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನೂ ಮುಚ್ಚಿಡಬೇಡಿ. ಕಾಡುಪ್ರಾಣಿಗಳಿಂದ ರಕ್ಷಣೆಗೆಂದು ಒಯ್ಯುವ ಮೆಣಸಿನ ಸ್ಪ್ರೇ ಡಬ್ಬಿಯೊಂದು ಕ್ಯಾಬಿನ್ನಿನಲ್ಲಿ ಸೋರಿದರೆ ಪೈಲಟ್‌ಗೆ ಕಣ್ಣು ಬಿಡಲಾಗುವುದಿಲ್ಲ, ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಅದು ಹೊರಗಿನ ಸಾಮಾನಿನ ಬುಟ್ಟಿಯಲ್ಲಿ ಅಥವಾ ಗಾಳಿಯಾಡದ ಡಬ್ಬಿಯೊಳಗೆ ಇರಬೇಕು. ಬಿಡಿ ಲಿಥಿಯಂ ಬ್ಯಾಟರಿಗಳ ತುದಿಗಳಿಗೆ ಟೇಪು ಸುತ್ತಿ, ಹೊಗೆ ಬಂದರೆ ಕಣ್ಣಿಗೆ ಬೀಳುವಲ್ಲಿ ಇಟ್ಟುಕೊಳ್ಳಿ. ಒಲೆಯ ಗ್ಯಾಸ್, ಪೆಟ್ರೋಲ್ ಕ್ಯಾನು ಇವೆಲ್ಲ ಪೈಲಟ್‌ಗೆ ತಿಳಿದೇ ಹತ್ತಬೇಕು.

ಪ್ರಶ್ನೆ: ಸಮುದ್ರದ ತೈಲವೇದಿಕೆಯಲ್ಲಿ ನನಗೆ ಕೆಲಸ ಸಿಕ್ಕಿದೆ. ಅದಕ್ಕೆ ಮುಂಚೆ ನೀರಿನಲ್ಲಿ ಮುಳುಗಿದ ಹೆಲಿಕಾಪ್ಟರಿನಿಂದ ಪಾರಾಗುವ ತರಬೇತಿ ಕಡ್ಡಾಯವಂತೆ. ನನಗೆ ಈಜು ಬಾರದು. ನಿಜ ಹೇಳಬೇಕೆಂದರೆ ಭಯವಾಗುತ್ತಿದೆ.

ಉತ್ತರ: ಭಯ ಸಹಜವಾದದ್ದು. ಆದರೆ ಈಜು ಬಾರದೆಂಬುದು ನೀವು ಅಂದುಕೊಂಡಷ್ಟು ದೊಡ್ಡ ಕೊರತೆಯಲ್ಲ. ಹೊರಬಂದ ಮೇಲೆ ತೇಲಿಸುವುದು ಲೈಫ್ ಜಾಕೆಟ್, ಹೊರಬರುವವರೆಗೆ ಬೇಕಾದದ್ದು ಕೈಗಳ ನೆನಪು.

ಹೆಲಿಕಾಪ್ಟರಿನ ಎಂಜಿನ್, ಗೇರ್‌ಬಾಕ್ಸ್, ರೋಟರಿನ ತಲೆಭಾಗ ಎಲ್ಲವೂ ಮೇಲ್ಭಾಗದಲ್ಲೇ ಇರುವುದರಿಂದ ತಲೆಭಾರದ ಈ ಯಂತ್ರ ನೀರಿಗೆ ಬಿದ್ದರೆ ಬಹುಬೇಗ ತಲೆಕೆಳಗಾಗುತ್ತದೆ. ಅದನ್ನು ತಡೆಯಲೆಂದೇ ಗಾಳಿ ತುಂಬಿ ಉಬ್ಬುವ ಫ್ಲೋಟ್‌ಗಳನ್ನು ಅಳವಡಿಸಿರುತ್ತಾರೆ, ಆದರೂ ಅಲೆಯೆದ್ದ ಸಮುದ್ರದಲ್ಲಿ ಮಗುಚುವ ಸಾಧ್ಯತೆ ಉಳಿದೇ ಇರುತ್ತದೆ. ಆಗ ನೀವು ತಲೆಕೆಳಗಾಗಿ, ಕತ್ತಲಲ್ಲಿ, ಮೂಗಿಗೆ ನೀರು ನುಗ್ಗುತ್ತಿರುವಾಗ ನಿಮ್ಮ ಕಿಟಕಿಯನ್ನು ಹುಡುಕಬೇಕು. ನೀರು ತಣ್ಣಗಿದ್ದರೆ ಕೊಳದಲ್ಲಿ ಒಂದು ನಿಮಿಷ ಉಸಿರು ಹಿಡಿಯಬಲ್ಲವರಿಗೂ 20 ಸೆಕೆಂಡು ಹಿಡಿಯುವುದು ಕಷ್ಟ, ಏಕೆಂದರೆ ಚಳಿಯ ಆಘಾತಕ್ಕೆ ಮೈ ತಾನಾಗಿಯೇ ಏದುಸಿರು ಬಿಡತೊಡಗುತ್ತದೆ.

ನನ್ನದೇ ಮೊದಲ ತರಬೇತಿಯ ಕತೆ ಹೇಳುತ್ತೇನೆ. ಕೊಳದ ಮೇಲೆ ತೂಗುಬಿಟ್ಟ ಪೆಟ್ಟಿಗೆಯಂಥ ಕ್ಯಾಬಿನ್ ಮುಳುಗಿ ಮಗುಚಿತು. ಹೇಳಿಕೊಟ್ಟದ್ದೆಲ್ಲ ಬಾಯಿಪಾಠವಾಗಿತ್ತು, ಆದರೆ ನೀರು ಮುಖ ಮುಚ್ಚಿದೊಡನೆ ನನ್ನ ಕೈ ಮೊದಲು ಹೋದದ್ದು ಬೆಲ್ಟಿನ ಬಕಲ್ ಕಡೆಗೆ. ಅದೂ ಎಲ್ಲಿಗೆ? ಕಾರಿನಲ್ಲಿರುವಂತೆ ಸೊಂಟದ ಪಕ್ಕಕ್ಕೆ. ಅಲ್ಲಿ ಬರೀ ಪಟ್ಟಿ. ಹೊಟ್ಟೆಯ ಮೇಲಿದ್ದ ಬಕಲ್ ಸಿಕ್ಕಿ ತಿರುಗಿಸಿದ ಮರುಕ್ಷಣ ಮೈ ಹಗುರಾಗಿ ಮೇಲೆ ತೇಲಿ, ಬೆನ್ನು ಕ್ಯಾಬಿನ್ನಿನ ನೆಲಕ್ಕೆ ಹೋಗಿ ಒತ್ತಿಕೊಂಡಿತು. ಅಷ್ಟರಲ್ಲಿ ಕಿಟಕಿ ಎಡಕ್ಕಿತ್ತೋ ಬಲಕ್ಕಿತ್ತೋ ತಿಳಿಯದಾಯಿತು. ಮುಳುಗುಗಾರರು ಕಾಲರ್ ಹಿಡಿದು ಹೊರಗೆಳೆದರು. ಮೂರು ಮಂದಿ ಸಹಪಾಠಿಗಳು ನಕ್ಕರು, ಮುಂದಿನ ಸುತ್ತಿನಲ್ಲಿ ಅವರಲ್ಲಿ ಇಬ್ಬರು ಇದೇ ತಪ್ಪು ಮಾಡಿದರು.

ಆದ್ದರಿಂದ ಕ್ರಮವನ್ನು ಮೈಗೆ ಕಲಿಸಬೇಕು. ಕೂತೊಡನೆ ಒಂದು ಕೈಯನ್ನು ನಿಮ್ಮ ಕಿಟಕಿಯ ಚೌಕಟ್ಟಿಗೆ, ಇನ್ನೊಂದನ್ನು ಬಕಲ್‌ಗೆ ಮುಟ್ಟಿಸಿ ನೋಡಿ. ಕಣ್ಣು ಮುಚ್ಚಿ ಇನ್ನೊಮ್ಮೆ ಮುಟ್ಟಿ. ಕಿಟಕಿ ತಳ್ಳುವಂಥದ್ದೋ, ಪಟ್ಟಿ ಎಳೆದು ಬಿಡಿಸುವಂಥದ್ದೋ ಕೇಳಿಕೊಳ್ಳಿ. ಬೀಳುವ ಸೂಚನೆ ಬಂದಾಗ ಬೆಲ್ಟ್ ಬಿಗಿಮಾಡಿ ಹೇಳಿಕೊಟ್ಟ ಭಂಗಿಯಲ್ಲಿ ಕೂರಬೇಕು. ನೀರಿಗೆ ಬಿದ್ದ ಮೇಲೆ ಕುಲುಕಾಟ ನಿಲ್ಲುವವರೆಗೆ ಕೂತಲ್ಲಿಂದ ಕದಲಬಾರದು, ರೆಕ್ಕೆಗಳು ಹೊರಗೆ ಇನ್ನೂ ನೀರನ್ನು ಬಡಿಯುತ್ತಿರಬಹುದು. ಆಮೇಲೆ ಕಿಟಕಿಯನ್ನು ತಳ್ಳಿ ತೆರೆದು, ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು, ಕಡೆಯಲ್ಲಿ ಬೆಲ್ಟ್ ಬಿಚ್ಚಬೇಕು. ಬೆಲ್ಟ್ ಕಟ್ಟಿರುವವರೆಗೂ ಕಿಟಕಿ ನಿಮ್ಮ ಯಾವ ಪಕ್ಕಕ್ಕಿತ್ತೋ ಅದೇ ಪಕ್ಕಕ್ಕಿರುತ್ತದೆ, ತಳ್ಳಲು ಬೇಕಾದ ಆಧಾರವನ್ನೂ ಬೆಲ್ಟೇ ಕೊಡುತ್ತದೆ. ಲೈಫ್ ಜಾಕೆಟ್ಟನ್ನು ಒಳಗೆ ಉಬ್ಬಿಸಲೇಬಾರದು. ಉಬ್ಬಿಸಿದರೆ ಅದು ನಿಮ್ಮನ್ನು ಮಗುಚಿದ ಕ್ಯಾಬಿನ್ನಿನ ಮೇಲ್ಭಾಗಕ್ಕೆ ಒತ್ತಿ ಹಿಡಿಯುತ್ತದೆ.

2013ರ ಆಗಸ್ಟ್ 23ರಂದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳ ಸಂಬರ್ಗ್ ಬಳಿ ತೈಲ ನೌಕರರನ್ನು ಹೊತ್ತ ಸೂಪರ್ ಪೂಮಾ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು ಮಗುಚಿಕೊಂಡಿತು. ಅದರಲ್ಲಿದ್ದ 18 ಮಂದಿಯಲ್ಲಿ ನಾಲ್ವರು ಪ್ರಯಾಣಿಕರು ಸತ್ತರು. ಮುಂದಿನ ವರ್ಷ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ನಡೆಸಿದ ಪರಾಮರ್ಶೆಯ ನಂತರ, ನೀರಿನೊಳಗೇ ಬಾಯಿಗಿಟ್ಟು ಬಳಸಬಹುದಾದ ಚಿಕ್ಕ ಉಸಿರಾಟದ ಸಾಧನ ಅಲ್ಲಿನ ಪ್ರಯಾಣಿಕರಿಗೆ ಬಂದಿತು. ಭುಜದ ಅಗಲ ಸುಮಾರು 56 ಸೆಂ.ಮೀ. ಮೀರಿದವರನ್ನು ದೊಡ್ಡ ಕಿಟಕಿಯ ಪಕ್ಕದಲ್ಲೇ ಕೂರಿಸುವ ಪದ್ಧತಿಯೂ 2015ರಲ್ಲಿ ಆರಂಭವಾಯಿತು. ಭುಜವನ್ನು ಅಳೆಯಲು ಬಂದವರನ್ನು ಕಂಡು ನಗಬೇಡಿ. ಕಿಟಕಿಯಲ್ಲಿ ಹಿಡಿಸದ ಒಬ್ಬರು ಸಿಕ್ಕಿಹಾಕಿಕೊಂಡರೆ ಅವರ ಹಿಂದಿನವರಿಗೂ ದಾರಿ ಮುಚ್ಚಿತು. ತರಬೇತಿಯಲ್ಲಿ ಇನ್ನೊಂದು ಸುತ್ತು ಬೇಕೇ ಎಂದು ಕೇಳಿದರೆ ಬೇಕೆಂದು ಹೇಳಿ.

ಪ್ರಶ್ನೆ: ವಿದ್ಯುತ್ ಮಾರ್ಗಗಳ ಚಿತ್ರೀಕರಣಕ್ಕಾಗಿ ಬಾಗಿಲು ತೆಗೆದ ಹೆಲಿಕಾಪ್ಟರಿನಲ್ಲಿ ಹೋಗುತ್ತೇನೆ. ಸೀಟ್ ಬೆಲ್ಟಿನ ಜೊತೆಗೆ ನನ್ನದೇ ಪರ್ವತಾರೋಹಣದ ಹಾರ್ನೆಸ್ (ಮೈಗೆ ಬಿಗಿಯುವ ಪಟ್ಟಿಗಳು) ಕಟ್ಟಿಕೊಂಡರೆ ಇನ್ನಷ್ಟು ಭದ್ರವಲ್ಲವೇ?

ಉತ್ತರ: ಬೀಳದಿರಲು ಭದ್ರ, ಹೊರಬರಲು ಬಂಧನ. 2018ರ ಮಾರ್ಚ್ 11ರಂದು ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ಆದದ್ದು ಇದೇ. ಬಾಗಿಲಿಲ್ಲದ ಹೆಲಿಕಾಪ್ಟರಿನಿಂದ ಫೋಟೋ ತೆಗೆಯಲು ಹೋದ ಐದು ಪ್ರಯಾಣಿಕರಿಗೆ ಹೆಚ್ಚುವರಿ ಹಾರ್ನೆಸ್ ತೊಡಿಸಿ, ಅದರ ಹಗ್ಗವನ್ನು ಹಿಂಬದಿಯಿಂದ ಯಂತ್ರಕ್ಕೆ ಬಿಗಿದಿದ್ದರು. ಒಬ್ಬರ ಹಗ್ಗ ನೆಲದ ಮೇಲಿದ್ದ ಇಂಧನ ಕಡಿತದ ಹಿಡಿಕೆಗೆ ಸಿಕ್ಕಿ ಎಂಜಿನ್ ನಿಂತುಹೋಯಿತು. ಫ್ಲೋಟ್‌ಗಳು ಪೂರ್ತಿ ಉಬ್ಬದೆ ಯಂತ್ರ ಮಗುಚಿತು. ಪೈಲಟ್ ಹೊರಬಂದರು, ಆ ಐವರೂ ಹಾರ್ನೆಸ್ ಕಳಚಲಾಗದೆ ಮುಳುಗಿ ಸತ್ತರು. ಕತ್ತರಿಸಿಕೊಳ್ಳಲು ಅವರಿಗೆ ಚಾಕು ಕೊಡಲಾಗಿತ್ತು ಎಂಬುದನ್ನು ಗಮನಿಸಿ. ಅದೇ ತಿಂಗಳು ಅಮೆರಿಕದ ವಿಮಾನಯಾನ ಆಡಳಿತವು ತಟ್ಟನೆ ಕಳಚಲಾಗದ ಇಂಥ ಹೆಚ್ಚುವರಿ ಬಂಧನಗಳನ್ನು ಬಳಸುವ ಬಾಗಿಲಿಲ್ಲದ ಹಾರಾಟಗಳನ್ನು ತಡೆಯಿತು.

ನಿಮ್ಮ ಕೆಲಸಕ್ಕೆ ಹಾರ್ನೆಸ್ ಬೇಕೇ ಬೇಕು. ಆದರೆ ಅದು ಆ ಯಂತ್ರಕ್ಕೆ ಅನುಮೋದಿತವಾಗಿರಬೇಕು, ನಿಮ್ಮ ಎದುರಿಗೇ, ಒಂದೇ ಕೈಯಿಂದ, ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು. ಕ್ಯಾಮೆರಾ, ಲೆನ್ಸಿನ ಮುಚ್ಚಳ, ಕಾಗದ ಎಲ್ಲಕ್ಕೂ ದಾರವಿರಲಿ. ಹೊರಗೆ ಹಾರಿದ್ದು ನೆಲಕ್ಕೇ ಬೀಳುತ್ತದೆಂಬ ಖಾತರಿಯಿಲ್ಲ, ಹಿಂದೆಯೇ ಬಾಲದ ರೋಟರ್ ಇದೆ. ಇನ್ನೊಂದು ಮಾತು: ನೀವು ನೋಡಲು ಹೋಗಿರುವುದೇ ತಂತಿಗಳನ್ನು; ಹೆಲಿಕಾಪ್ಟರುಗಳ ಹಳೆಯ ಶತ್ರುವೂ ಅದೇ. ಪೈಲಟ್ ಕಂಡಿರಬಹುದೆಂದು ಸುಮ್ಮನಿರದೆ ಅಡ್ಡತಂತಿ ಕಂಡೊಡನೆ ಕೂಗಿ ಹೇಳಿ.

ಪ್ರಶ್ನೆ: ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆಯೇ?

ಉತ್ತರ: ಇಲ್ಲ. ಎಂಜಿನ್ ನಿಂತರೆ ರೋಟರ್ ಅದರಿಂದ ತಾನಾಗಿ ಬೇರ್ಪಟ್ಟು, ಕೆಳಗಿನಿಂದ ನುಗ್ಗುವ ಗಾಳಿಗೆ ತಿರುಗುತ್ತಲೇ ಇರುತ್ತದೆ. ಆ ತಿರುಗುವಿಕೆಯಲ್ಲಿ ಕೂಡಿಟ್ಟ ಶಕ್ತಿಯನ್ನು ಪೈಲಟ್ ನೆಲದ ಹತ್ತಿರ ಖರ್ಚುಮಾಡಿ ಯಂತ್ರವನ್ನು ಇಳಿಸುತ್ತಾರೆ. ಸಾಕಷ್ಟು ಎತ್ತರ ಅಥವಾ ವೇಗ ಮೊದಲೇ ಕೈಯಲ್ಲಿದ್ದರೆ ಇದು ಸಾಧ್ಯ. ಪ್ರತಿ ಪೈಲಟ್ ಇದನ್ನು ಅಭ್ಯಾಸ ಮಾಡಿರುತ್ತಾರೆ. ನಿಮ್ಮ ಪಾಲಿನ ಕೆಲಸ ಮಾತು ನಿಲ್ಲಿಸುವುದು, ತೊಡೆಯ ಮೇಲಿನ ಸಾಮಾನು ಕೆಳಗಿಡುವುದು, ಬೆಲ್ಟ್ ಬಿಗಿದು ಬೆನ್ನನ್ನು ಸೀಟಿಗೊತ್ತಿ ಗಲ್ಲವನ್ನು ಎದೆಗೆ ತಾಗಿಸುವುದು. ಭುಜದ ಪಟ್ಟಿಯಿಲ್ಲದ ಸೀಟಾದರೆ ಮುಂದಕ್ಕೆ ಬಾಗಬೇಕು.

ಪ್ರಶ್ನೆ: ಮೋಡ ಕವಿದಿತ್ತು. ಪೈಲಟ್ ಹಿಂಜರಿದರು. ನಮ್ಮ ಮೇಲಧಿಕಾರಿಗಳು, ಕೆಲಸ ನಿಂತರೆ ನಷ್ಟವೆಂದು ಒತ್ತಾಯ ಮಾಡಿದರು. ಹೊಸಬನಾದ ನಾನು ಬಾಯಿ ಬಿಡಲಿಲ್ಲ. ಸುಖವಾಗಿಯೇ ತಲುಪಿದೆವು, ಆದರೂ ಮನಸ್ಸಿಗೆ ಸಮಾಧಾನವಿಲ್ಲ.

ಉತ್ತರ: ಸಮಾಧಾನವಿಲ್ಲದಿರುವುದು ಒಳ್ಳೆಯ ಲಕ್ಷಣ. ಸುಖವಾಗಿ ತಲುಪಿದ್ದು ನಿರ್ಧಾರ ಸರಿಯಿತ್ತೆಂಬುದಕ್ಕೆ ಪುರಾವೆಯಲ್ಲ. ಕೆಟ್ಟ ನಿರ್ಧಾರಗಳಲ್ಲಿ ಬಹುಪಾಲು ಹೀಗೆ ಸುಖವಾಗಿಯೇ ಮುಗಿದು, ಮುಂದಿನ ಸಲಕ್ಕೆ ಧೈರ್ಯ ಕೊಡುತ್ತವೆ. ಹಲವು ಏರ್ ಆಂಬುಲೆನ್ಸ್ ಸೇವೆಗಳಲ್ಲಿ ಎರಡು ಪದ್ಧತಿಗಳಿವೆ. ಒಂದು, ಹೋಗಲು ಎಲ್ಲರ ಒಪ್ಪಿಗೆ ಬೇಕು, ಹೋಗದಿರಲು ಒಬ್ಬರ ಮಾತು ಸಾಕು, ಆ ಒಬ್ಬರು ಕಾರಣ ವಿವರಿಸಬೇಕಾಗಿಲ್ಲ. ಎರಡು, ಹವಾಮಾನ ನೋಡಿ ಪೈಲಟ್ ಹೂಂ ಎನ್ನುವವರೆಗೆ ರೋಗಿಯ ಸ್ಥಿತಿಯನ್ನು ಅವರಿಗೆ ಹೇಳುವುದಿಲ್ಲ, ಮಗುವೆಂದು ತಿಳಿದರೆ ಮೋಡ ತೆಳುವಾಗಿ ಕಾಣತೊಡಗುತ್ತದೆ. ಜೀವ ಉಳಿಸಲು ಹೋಗುವವರೇ ಇಷ್ಟು ಎಚ್ಚರ ವಹಿಸುವಾಗ ಬಿಡಿಭಾಗ ತಲುಪಿಸಲು ಹೋಗುವವರಿಗೆ ಅವಸರ ಏಕೆ? ಮುಂದಿನ ಸಲ ಮೇಲಧಿಕಾರಿಗಳೊಡನೆ ವಾದಕ್ಕೆ ಇಳಿಯಬೇಡಿ. ಪೈಲಟ್ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆ, “ನನಗೇನೂ ಅವಸರವಿಲ್ಲ ಸರ್, ನಾಳೆ ಹೋದರೂ ಆಗುತ್ತದೆ” ಎಂದಷ್ಟೇ ಹೇಳಿ. ಹಿಂಜರಿಯುತ್ತಿರುವ ಪೈಲಟ್‌ಗೆ ಒಬ್ಬ ಪ್ರಯಾಣಿಕರ ಆ ಮಾತು ಎಷ್ಟು ಬಲ ಕೊಡುತ್ತದೆಂಬುದು ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ನಿರ್ಜನ ಪ್ರದೇಶದಲ್ಲಿ ತುರ್ತಾಗಿ ಇಳಿಯಬೇಕಾಗಿ ಬಂದರೆ ಸಹಾಯ ಬರುವವರೆಗೆ ಏನು ಮಾಡಬೇಕು?

ಉತ್ತರ: ರೆಕ್ಕೆ ಪೂರ್ತಿ ನಿಂತ ಮೇಲೆ ಹೊರಬಂದು, ಬೆಂಕಿಯ ಭಯ ಇಲ್ಲವೆಂದು ಖಚಿತವಾಗುವವರೆಗೆ ದೂರವಿದ್ದು, ನಂತರ ಯಂತ್ರದ ಹತ್ತಿರವೇ ಉಳಿಯಿರಿ. ಮೇಲಿನಿಂದ ಹುಡುಕುವವರಿಗೆ ನಡೆಯುತ್ತಿರುವ ಮನುಷ್ಯನಿಗಿಂತ ಹೆಲಿಕಾಪ್ಟರ್ ಬೇಗ ಕಾಣುತ್ತದೆ. ಯಂತ್ರದಲ್ಲಿರುವ ತುರ್ತು ಸಂಕೇತದ ಪೆಟ್ಟಿಗೆ 406 ಮೆಗಾಹರ್ಟ್ಸ್ ತರಂಗದಲ್ಲಿ ಅವಘಡದ ಸಂಕೇತಗಳನ್ನು ಆಲಿಸುವ ಅಂತರರಾಷ್ಟ್ರೀಯ ವ್ಯವಸ್ಥೆಯಾದ ಕೊಸ್ಪಾಸ್-ಸರ್ಸಾಟ್‌ನ ಉಪಗ್ರಹಗಳಿಗೆ ಸುದ್ದಿ ಕಳಿಸುತ್ತದೆ, 121.5 ಮೆಗಾಹರ್ಟ್ಸ್‌ನ ಹಳೆಯ ಪೆಟ್ಟಿಗೆಗಳನ್ನು ಉಪಗ್ರಹಗಳು ಆಲಿಸುವುದು 2009ರ ಫೆಬ್ರುವರಿ 1ಕ್ಕೇ ನಿಂತಿದೆ. ಆದರೆ ಬಿದ್ದ ರಭಸಕ್ಕೆ ಅದರ ಆಂಟೆನಾ ಮುರಿದು ಮೂಕವಾಗುವುದುಂಟು. ಹಾಗಾಗಿ ನಿಮ್ಮ ಹೆಸರಿನಲ್ಲಿ ನೋಂದಾಯಿಸಿದ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ವೈಯಕ್ತಿಕ ಬೀಕನ್ (ತುರ್ತು ಸಂಕೇತದ ಸಾಧನ) ಒಂದು ನಿಮ್ಮ ಬಳಿಯಿರಬೇಕು. ಅದು ಚೀಲದಲ್ಲಿ ಇರಬಾರದು, ಚೀಲ ಒಳಗೇ ಉಳಿಯುತ್ತದೆ. ಬೀಕನ್, ಬೆಂಕಿಪೊಟ್ಟಣ, ಶಿಳ್ಳೆ, ಹೊದ್ದುಕೊಳ್ಳುವ ತೆಳು ಹಾಳೆ ಜಾಕೆಟ್ಟಿನ ಜೇಬಿನಲ್ಲಿರಲಿ. ಬಟ್ಟೆ ಹತ್ತಿಯದೋ ಉಣ್ಣೆಯದೋ ಆಗಿರಲಿ, ನೈಲಾನ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹೊರಡುವ ಮುನ್ನ ಕ್ಯಾಂಪಿನಲ್ಲಿ ಉಳಿದವರೊಬ್ಬರಿಗೆ ನೀವು ತಲುಪುವ ಹೊತ್ತನ್ನೂ, ಆ ಹೊತ್ತು ಮೀರಿದರೆ ಯಾರಿಗೆ ಕರೆ ಮಾಡಬೇಕೆಂಬುದನ್ನೂ ಕಾಗದದಲ್ಲಿ ಬರೆದು ಕೊಟ್ಟು ಹೋಗಿ.